ಹಾಶಿಮ್‌ಜಾನನ ಹಿತ್ತಲಲ್ಲಿ ಜಾಡಿದೀಪ

ಇದು ನಡೆದ ಸಂಗತಿ. ಒಂದು ಮಾತು ಸುಳ್ಳಾದ್ರೂ ತಂದೂರಿನ ಬಿಸಿ ರೊಟ್ಟಿ ಹಾರಿ ಬಂದು ನನ್ನ ಕಪಾಳಕ್ಕೆ ಬಡೀಲಿ. ನಮ್ಮ ಕೊಕಂದ್ ಊರಲ್ಲಿ ರೊಟ್ಟಿ ಮೇಲೆ ಆಣೆ ಇಟ್ಟ ಮೇಲೆ ಯಾರೂ ಸುಳ್ಳು ಹೇಳಲ್ಲ. ಹೇಳಿದ್ರೂ ಉಪ್ಪಿನಷ್ಟು.

ಬಜಾರಿನ ಮೂಲೇಲಿ ಕಟಿಂಗ್ ಶಾಪ್ ಇಟ್ಟಿರೋ ಹಾಶಿಮ್‌ಜಾನ್ ನಿಮಗೆ ಗೊತ್ತೇ ಇರಬೇಕು. ಗೊತ್ತಿಲ್ಲ ಅಂದ್ರೆ, ಒಂದು ಕೆನ್ನೆ ಬೋಳಿಸಿಕೊಂಡು ಇನ್ನೊಂದು ಕೆನ್ನೇಲಿ ಸೋಪು ಒಣಗಿಸಿಕೊಂಡು ಬಜಾರಲ್ಲಿ ತಿರುಗೋ ಯಾರನ್ನಾದ್ರೂ ಕೇಳಿ, ಅವನ ಗಿರಾಕೀನೇ ಆಗಿರ್ತಾನೆ. ಹಾಶಿಮ್‌ಜಾನನ ಒಂದು ಕೈಲಿ ಕತ್ತಿ, ಇನ್ನೊಂದು ಕೈಲಿ ಫೋನು. ಫೋನಲ್ಲಿ ಏನಾದ್ರೂ ಸ್ವಾರಸ್ಯ ಬಂತು ಅಂದ್ರೆ ಕತ್ತಿ ನಿಂತುಬಿಡುತ್ತೆ. ಪುಣ್ಯಕ್ಕೆ ಕೆನ್ನೆ ಮೇಲೆ ನಿಲ್ಲುತ್ತೆ, ಗಂಟಲ ಮೇಲೆ ನಿಲ್ಲಲ್ಲ.

ಆ ಸೆಪ್ಟೆಂಬರ್ ಕೊನೇಲಿ ಫೋನಲ್ಲಿ ಅವನಿಗೊಬ್ಬ ಗುರು ಸಿಕ್ಕಿದ್ದ. ಯಾವ ದೇಶದವನೋ ಏನೋ, ಮುಖಕ್ಕಿಂತ ಹಲ್ಲೇ ಜಾಸ್ತಿ ಇದ್ದ ಮನುಷ್ಯ. ಮನೇಲಿ ಬೇಡ ಅಂತ ಬಿದ್ದಿರೋ ಸಾಮಾನು ತಗೊಳ್ಳಿ, ಒಂದು ಸೀರಿಯಲ್ ಸೆಟ್ ತಗೊಳ್ಳಿ, ಚಿಟಿಕೆ ಹೊಡೆಯೋದ್ರೊಳಗೆ ನಿಮ್ಮ ಹಿತ್ತಲು ಸ್ವರ್ಗ ಆಗುತ್ತೆ ಅಂತ ಹೇಳ್ತಿದ್ದ. ಖಾಲಿ ಜಾಡಿಯೊಳಗೆ ದೀಪ ತುರುಕಿ ಮರಕ್ಕೆ ನೇತುಹಾಕೋದು. ತೂತಿನ ಪಾತ್ರೆ ಬೋರಲು ಹಾಕಿ ಒಳಗೆ ಬಲ್ಬು ಇಡೋದು, ನೆಲದ ತುಂಬ ನಕ್ಷತ್ರ ಬೀಳುತ್ತೆ. ಎಲ್ಲಾ ಸುಲಭ. ಆ ಮನುಷ್ಯನ ಮನೇಲಿ ಬೇಡ ಅಂತ ಬಿದ್ದಿರೋ ಸಾಮಾನು ಒಂದು ಗೋದಾಮಿನಷ್ಟಿತ್ತು. ಹಾಶಿಮ್‌ಜಾನನ ಮನೇಲಿ ಅಂಥದ್ದು ಒಂದೂ ಇರಲಿಲ್ಲ. ಅವನ ಹೆಂಡತಿ ಇನೋಬತ್ ಹರಿದ ಕಾಲುಚೀಲಕ್ಕೂ ಒಂದು ಕೆಲಸ ಕೊಟ್ಟು ಕೂರಿಸಿರೋ ಹೆಂಗಸು. ಆ ಮನೇಲಿ ಕೆಲಸ ಇಲ್ಲದೆ ಬಿದ್ದಿದ್ದ ಒಂದೇ ವಸ್ತು ಅಂದ್ರೆ ಹಾಶಿಮ್‌ಜಾನ್.

ಈಗ ದೀಪದ ಹುಚ್ಚು ಯಾಕೆ ಹಿಡೀತು ಕೇಳಿ. ಅವನಿಗೆ ಇರೋಳು ಒಬ್ಬಳೇ ಮಗಳು, ಝೆಬಿನಿಸೊ. ಟೋಪಿಗೆ ಕಸೂತಿ ಹಾಕ್ತಾಳೆ. ಪಕ್ಕದೂರು ರಿಶ್ತಾನಲ್ಲಿ ಮಣ್ಣಿನ ತಟ್ಟೆ ಮೇಲೆ ನೀಲಿ ಚಿತ್ರ ಬರಿಯೋ ಇಲ್ಹೋಮ್ ಅನ್ನೋ ಹುಡುಗನ ಮೇಲೆ ಅವಳಿಗೆ ಮನಸ್ಸು, ಅವನಿಗೂ ಇವಳ ಮೇಲೆ. ನಡುವೆ ಒಂದೇ ಅಡ್ಡಿ, ಹುಡುಗನ ತಾಯಿ ಮುಕದ್ದಸ್. ಆಯಮ್ಮ ಮಗನಿಗೆ ಹೆಣ್ಣು ನೋಡ್ತಾ ನೋಡ್ತಾ ಅರ್ಧ ಫರ್ಗಾನಾ ಕಣಿವೆ ಮುಗಿಸಿದ್ಲು. ಒಬ್ಬಳ ಮೂಗು ತಾಷ್ಕೆಂಟ್ ಕಡೆ ತಿರುಗಿದೆ ಅಂದ್ಲು. ಇನ್ನೊಬ್ಬಳ ಎಡಗಿವಿ ಬಲಗಿವಿಗಿಂತ ದಡ್ಡ ಕಾಣುತ್ತೆ ಅಂದ್ಲು. ಮತ್ತೊಬ್ಬಳು ಎಲ್ಲಾ ಸರಿ ಇದ್ಲು, ಎಲ್ಲಾ ಸರಿ ಇರೋರ ಮೇಲೆ ನಂಬಿಕೆ ಇಡಬಾರದು ಅಂತ ಎದ್ದು ಬಂದ್ಲು. ಮಗ ಊಟ ಬಿಟ್ಟು ಕೂತ ಮೇಲೆ ಕೊನೆಗೆ ಹ್ಞೂಂ ಅಂದಿದ್ಲು. ಗುರುವಾರ ಸಂಜೆ ಹೋಗ್ತೀನಿ, ಒಂದೇ ಸಲ ನೋಡ್ತೀನಿ, ಸರಿ ಬರಲಿಲ್ಲ ಅಂದ್ರೆ ಆ ಹುಡುಗಿ ಹೆಸರು ಇನ್ನು ಈ ಮನೇಲಿ ಕೇಳಿಸಬಾರದು ಅಂತ ಷರತ್ತು.

ನಮ್ಮಲ್ಲಿ ಹೆಣ್ಣು ನೋಡೋಕೆ ಬರೋ ಸುದ್ದಿ ಬೀದಿಗೆ ತಿಳೀಬಾರದು. ಬಂದೋರು ಬೇಡ ಅಂತ ಎದ್ದು ಹೋದ್ರೆ ಹುಡುಗಿ ಹೆಸರಿಗೆ ಮಸಿ. ಹಾಗಾಗಿ ಇನೋಬತ್ ಬಾಯಿಗೆ ಬೀಗ ಹಾಕಿಕೊಂಡು ಸದ್ದಿಲ್ಲದೆ ಅಂಗಳ ಗುಡಿಸಿದ್ಲು, ಹೊಸ ದಿಂಬು ಹೊಲಿದ್ಲು, ಸಿಹಿ ಮಾಡಿದ್ಲು. ಝೆಬಿನಿಸೊ ಸೂಜಿಗೆ ದಾರ ಪೋಣಿಸೋಕೆ ಹೋಗಿ ಬೆರಳಿಗೆ ಪೋಣಿಸಿಕೊಳ್ತಿದ್ಲು.

ಹಾಶಿಮ್‌ಜಾನ್ ಮಾತ್ರ ಬುಧವಾರ ಅಂಗಡಿ ಮುಚ್ಚಿ, ಕೈ ಚೀಲದ ತುಂಬ ವೈರು, ಹೋಲ್ಡರು, ಕಪ್ಪು ಟೇಪು ತುಂಬಿಕೊಂಡು ಮನೆಗೆ ಬಂದ. ರಿಶ್ತಾನಿನ ಹೆಂಗಸು ನಮ್ಮ ಹಿತ್ತಲಿಗೆ ಕಾಲಿಟ್ಟ ಕೂಡಲೇ ಕಣ್ಣು ಕುಕ್ಕಬೇಕು ಅಂದ. ಪಕ್ಕದ ಮನೆ ಸೋಬಿತ್‌ಖಾನ್ ಹೋದ ವರ್ಷ ಬಣ್ಣ ಬದಲಾಯಿಸೋ ಕಾರಂಜಿ ಇಟ್ಟಾಗಿನಿಂದ ಇವನ ಹೊಟ್ಟೇಲಿ ಒಂದು ಬೆಂಕಿ ಇತ್ತು, ಅದನ್ನ ಮಾತ್ರ ಹೇಳಲಿಲ್ಲ.

ಇನೋಬತ್ ತಂದೂರಿಗೆ ರೊಟ್ಟಿ ಬಡಿಯೋಕೆ ಅಂತ ಹೋಗಿ ಬರೋದ್ರೊಳಗೆ ಚಳಿಗಾಲಕ್ಕೆ ಅಂತ ಹಾಕಿಟ್ಟಿದ್ದ ಟೊಮ್ಯಾಟೊ ಜಾಡಿಗಳೆಲ್ಲಾ ಖಾಲಿ. ಟೊಮ್ಯಾಟೊ ಎಲ್ಲಾ ಸ್ನಾನದ ತೊಟ್ಟೀಲಿ ಈಜ್ತಿತ್ತು. ಜಾಡಿಗಳು ದ್ರಾಕ್ಷಿ ಚಪ್ಪರದಲ್ಲಿ, ಒಂದೊಂದರ ಕತ್ತಿಗೂ ತಂತಿ ಸುತ್ತಿ, ಒಳಗೆ ಸೀರಿಯಲ್ ಸೆಟ್ಟು. ಅಕ್ಕಿ ಬಸಿಯೋ ತೂತಿನ ಬೋಗುಣಿ ಬೋರಲು ನೇತಾಡ್ತಿತ್ತು. ಕ್ಯಾರೆಟ್ ತುರಿಯೋದು ಕಿಟಕಿ ಪಕ್ಕ ಲಾಂದ್ರ ಆಗಿತ್ತು. ಅತಿಥಿಗಳಿಗೆ ಅಂತ ಎತ್ತಿಟ್ಟಿದ್ದ ನೀಲಿ ಚಹಾ ಕೂಜ ಕೂಡ ಬಿಡಲಿಲ್ಲ, ಮೂತಿಯಿಂದ ವೈರು ಹಾಕಿ ಬಾಯಲ್ಲಿ ಬಲ್ಬು ಇಟ್ಟಿದ್ದ.

"ಝೆಬಿ ಅಪ್ಪಾ, ನಾಳೆ ಬಂದೋರಿಗೆ ಚಹಾ ಯಾವುದ್ರಲ್ಲಿ ಕೊಡ್ಲಿ, ನಿಮ್ಮ ಬೂಟಿನಲ್ಲಾ?" ಅಂದ್ಲು ಇನೋಬತ್.

ಅದಕ್ಕವನು ಬೆಳಕು ನೋಡಿ ಹೊಟ್ಟೆ ತುಂಬುತ್ತೆ, ಚಹಾ ಕೇಳೋಕೆ ನೆನಪಾಗಲ್ಲ ಅಂದ.

ಸಂಜೆ ಸ್ವಿಚ್ ಹಾಕಿ ನೋಡಿದ್ರು. ಬೆಳಕು ಅಂದ್ರೆ ಅಂಥಿಂಥ ಬೆಳಕಲ್ಲ. ಕೋಳಿಗಳು ಬೆಳಗಾಯ್ತು ಅಂತ ಇನ್ನೊಂದು ಸಲ ಮೊಟ್ಟೆ ಇಟ್ವು. ಹುಂಜ ಕೂಗಿ ಕೂಗಿ ಗಂಟಲು ಕಟ್ಟಿ, ಮಾರನೇ ದಿನ ಬೆಕ್ಕಿನ ಹಾಗೆ ಮಿಯಾಂವ್ ಅಂತಿತ್ತು. ತೆಂಕಲಿಗೆ ಹೊರಟಿದ್ದ ಕೊಕ್ಕರೆಗಳು ವಾಪಸ್ ಬಂದು ಬೇಸಿಗೆ ಇನ್ನೂ ಮುಗಿದಿಲ್ವಾ ಅಂತ ಒಂದು ಸುತ್ತು ಹಾಕಿ ಹೋದ್ವು. ನಾನೇ ಕಣ್ಣಾರೆ ಕಂಡಿದ್ದು.

ಅಷ್ಟಕ್ಕೆ ಬಿಟ್ಟಿದ್ರೆ ಕತೆ ಇರ್ತಿರಲಿಲ್ಲ. ಗುರುವಾರ ಮಧ್ಯಾಹ್ನ ನೋಡ್ತಾನೆ, ಇನ್ನೂ ಒಂದು ಸುರುಳಿ ಸೆಟ್ಟು ಉಳಿದಿದೆ. ಹಲ್ಲಿನ ಗುರು ಬಾಗಿಲು ಕತ್ತಲೆ ಬಿಡಬೇಡಿ ಅಂದಿದ್ದ. ಏಣಿ ಎತ್ತಿಕೊಂಡು ಬೀದಿಗೆ ಬಂದು, ಗೇಟಿನ ನೆತ್ತಿ ಮೇಲೆ ಸುತ್ತಿ, ಅಲ್ಲಿಂದ ಬೀದಿ ದಾಟಿಸಿ ಎದುರಿನ ಹಿಪ್ಪುನೇರಳೆ ಮರಕ್ಕೆ ಕಟ್ಟಿದ.

ಇನೋಬತ್ ಎದೆ ಹಿಡಕೊಂಡ್ಲು. ಗೇಟಿನ ಮೇಲೆ ದೀಪದ ಸರ ಹಾಕೋದು ನಮ್ಮಲ್ಲಿ ಯಾವಾಗ? ಆ ಮನೇಲಿ ಮದುವೆ ಇದ್ದಾಗ. ಅದು ಹಾಲು ಕುಡಿಯೋ ಮಗೂಗೂ ಗೊತ್ತು.

"ಬೀದಿಯವರು ಮದುವೆ ಅಂದ್ಕೋತಾರೆ, ತೆಗೀರಿ," ಅಂದ್ಲು.

"ಮದುವೆ ದೀಪ ಅಂದ್ರೆ ಕೆಂಪು, ಹಸುರು, ನೀಲಿ ಕಣೇ. ಇದು ಜೇನುಬಣ್ಣ. ಇದಕ್ಕೆ ಅಲಂಕಾರ ಅಂತಾರೆ. ಬೀದಿಯವರಿಗೆ ಅಷ್ಟೂ ತಿಳಿಯಲ್ವಾ?"

"ನಿಮಗೇ ನಿನ್ನೆ ತಿಳಿದದ್ದು."

ಏಣಿ ಮೇಲಿದ್ದೋನಿಗೆ ಕೆಳಗಿನ ಮಾತು ಕೇಳಿಸಲ್ಲ. ಅದು ಏಣಿಯ ಗುಣ.

ಮಬ್ಬುಗತ್ತಲೆ ಇಳಿದಾಗ ಹಾಶಿಮ್‌ಜಾನ್ ಸ್ವಿಚ್ ಹಾಕಿ ಗೇಟಿನ ಹತ್ತಿರ ಎದೆ ಸೆಟೆಸಿ ನಿಂತ. ಬೀದಿಯ ಒಂದೊಂದೇ ಬಾಗಿಲು ತೆಗೀತು. ಮೂಲೆಮನೆ ಅಜ್ಜಿ ಇಣುಕಿ ನೋಡಿ ಒಳಗೆ ಹೋದ್ಲು. ಎದುರುಮನೆಯವನು ನೋಡಿದ, ಅವನೂ ಒಳಗೆ ಹೋದ. ಹೊಟ್ಟೆಕಿಚ್ಚಿಗೆ ಹೋದ್ರು ಅಂದ್ಕೊಂಡ ಇವನು. ಹೊಟ್ಟೆಕಿಚ್ಚೂ ಅಲ್ಲ, ಏನೂ ಅಲ್ಲ, ಒಳ್ಳೇ ಬಟ್ಟೆ ಹಾಕ್ಕೊಳ್ಳೋಕೆ ಹೋಗಿದ್ರು.

ಯಾರಿಗೂ ಕರೆ ಬಂದಿರಲಿಲ್ಲ ನಿಜ. ಆದ್ರೆ ನಮ್ಮ ಬೀದಿ ಜನ ಎಂಥೋರು ಅಂದ್ರೆ, ಕರೆದಿಲ್ಲ ಅಂತ ಬಾಯಿ ಬಿಟ್ಟು ಹೇಳೋದು ಅವಮಾನ. ಬೇರೆಲ್ಲರನ್ನೂ ಕರೆದಿದ್ದಾನೆ, ನನ್ನೊಬ್ಬನನ್ನೇ ಮರೆತಿದ್ದಾನೆ ಅಂತ ಪ್ರತಿಯೊಬ್ಬನೂ ಒಳಗೊಳಗೇ ಕುದ್ದ. ಕುದ್ದು, ಮುಖದ ಮೇಲೆ ನಗು ಹಚ್ಚಿಕೊಂಡು, ಬಟ್ಟೇಲಿ ಕಟ್ಟಿದ ಉಡುಗೊರೆ ಗಂಟು ಎತ್ತಿಕೊಂಡು ಹೊರಟ. ಒಬ್ಬರ ಗಂಟಲ್ಲಿ ರೊಟ್ಟಿ, ಒಬ್ಬರದ್ರಲ್ಲಿ ಕಲ್ಲುಸಕ್ಕರೆ, ಇನ್ನೊಬ್ಬರದ್ರಲ್ಲಿ ಹೋದ ತಿಂಗಳು ಬೇರೆ ಮದುವೇಲಿ ಸಿಕ್ಕಿದ್ದ ಬಟ್ಟೆ. ನಿನಗೆ ಯಾವಾಗ ಕರೆ ಬಂತು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡ್ರು. ಹದಿನೈದು ದಿನ ಆಯ್ತಲ್ಲ ಅಂದ ಒಬ್ಬ. ಮನೆಗೇ ಬಂದು ಕೈ ಹಿಡಿದು ಕರೆದ ಅಂದ ಇನ್ನೊಬ್ಬ.

ಹಾಶಿಮ್‌ಜಾನನಿಗೆ ಮೊದಮೊದಲು ಭಾರೀ ಖುಷಿ. ಎದೆ ಮೇಲೆ ಕೈ ಇಟ್ಟು ಬನ್ನಿ ಬನ್ನಿ, ಒಳಗೆ ಇನ್ನೂ ಇದೆ ನೋಡಿ ಅಂತ ಬರಮಾಡಿಕೊಂಡ. ಜನ ಒಳಗೆ ಬಂದು ದೀಪದ ಕಡೆ ಕತ್ತೂ ಎತ್ತದೆ ನೆಟ್ಟಗೆ ಹಿತ್ತಲಲ್ಲಿ ಹಾಕಿದ್ದ ದೊಡ್ಡ ಮರದ ಮಂಚದ ಮೇಲೆ ಸಾಲಾಗಿ ಕೂತ್ರು. ಆಮೇಲೆ ಊಟ ಯಾವಾಗ ಅಂತ ಒಲೆ ಕಡೆ ಕತ್ತು ತಿರುಗಿಸಿದ್ರು. ಇವರು ಮದುವೆಗೆ ಬಂದಿದ್ದಾರೆ ಅಂತ ಅವನಿಗೆ ಆಗ ಹೊಳೀತು. ಮದುವೆ ಇಲ್ಲ ಅನ್ನೋಣ ಅಂದ್ರೆ, ಮತ್ತೆ ದೀಪ ಯಾಕೆ ಅಂತಾರೆ. ಅಲಂಕಾರಕ್ಕೆ ಅಂದ್ರೆ ಸಾಯೋವರೆಗೂ ನಗ್ತಾರೆ. ಹೆಣ್ಣು ನೋಡೋಕೆ ಬರ್ತಿದ್ದಾರೆ ಅಂದ್ರೆ ಇನೋಬತ್ ಅವನ ಕತ್ತೀಲೇ ಅವನಿಗೆ ಕ್ಷೌರ ಮಾಡ್ತಾಳೆ. ಸುಮ್ಮನೆ ಚಹಾ ಚಹಾ ಅಂತ ಓಡಾಡಿದ.

ಅಷ್ಟ್ರಲ್ಲಿ ಗಡಗಡ ಸದ್ದು. ಪಕ್ಕದ ಮನೆ ಸೋಬಿತ್‌ಖಾನ್ ಬೀದಿಯ ದೊಡ್ಡ ಕೊಪ್ಪರಿಗೆ ಉರುಳಿಸ್ಕೊಂಡು ಬಂದ. ನಮ್ಮ ಬೀದೀಲಿ ಯಾವ ಮದುವೆ ಆದ್ರೂ ಪಲಾವು ಅವನದ್ದೇ ಕೈ. ತನ್ನನ್ನ ಕೇಳದೆ ಮದುವೆ ಇಟ್ಟುಕೊಂಡಿದ್ದಾನೆ ಅನ್ನೋ ಕೋಪ ಅವನ ಮೀಸೇಲೇ ಕಾಣ್ತಿತ್ತು.

"ಹಾಶಿಮ್‌ಜಾನ್, ಒಲೆ ಹಚ್ಚದೆ ಮದುವೆ ಮಾಡೋ ಜಿಪುಣನ್ನ ಇವತ್ತೇ ನೋಡಿದ್ದು ಕಣಯ್ಯಾ. ಬೀದಿ ಮರ್ಯಾದೆ ಹೋಗಬಾರದು ಅಂತ ಅಕ್ಕಿ, ಮಾಂಸ ನಾನೇ ತಂದಿದ್ದೀನಿ. ಆ ಕ್ಯಾರೆಟ್ ತುರಿಯೋದು ಎಲ್ಲಿ?"

"ಉರೀತಾ ಇದೆ ಅಣ್ಣಾ," ಅಂದ ಹಾಶಿಮ್‌ಜಾನ್.

ಕೊಪ್ಪರಿಗೆ ಒಲೆಗೇರಿ ಮಾಂಸ ಹುರಿಯೋ ಹೊತ್ತಿಗೆ ಗೇಟಿನ ಮೇಲೆ ಒಂದು ಬಲ್ಬು ಮಿಣಮಿಣ ಅಂತು. ಜನರಿಂದ ತಪ್ಪಿಸ್ಕೊಳ್ಳೋಕೆ ನೆಪ ಸಿಕ್ತು ಅಂತ ಅವನು ಏಣಿ ಹತ್ತಿದ. ಮೇಲಿಂದ ನೋಡ್ತಾನೆ, ಬೀದಿ ತುದೀಲಿ ಒಂದು ಬಿಳೀ ಕಾರು ನಿಂತಿದೆ. ಬೆಳ್ಳಿ ಅಂಚಿನ ತಲೆವಸ್ತ್ರದ ದಪ್ಪ ಹೆಂಗಸೊಬ್ಬಳು ಇಳಿದು ನಿಂತು ನೋಡ್ತಿದ್ದಾಳೆ. ಬೀದಿ ಅಡ್ಡಕ್ಕೆ ದೀಪ, ಗಂಟು ಹೊತ್ತ ಜನ, ಕೊಪ್ಪರಿಗೆ ಹೊಗೆ. ಪಕ್ಕದಲ್ಲಿ ಹೋಗ್ತಿದ್ದ ಮೂಲೆಮನೆ ಅಜ್ಜೀನ ಏನೋ ಕೇಳಿದ್ಲು. ಅಜ್ಜಿ ಸಂಭ್ರಮದಿಂದ ಹೇಳಿದ್ದು ಅವನಿಗೆ ಅಲ್ಲಿಗೂ ಕೇಳಿಸ್ತು: ಹಾಶಿಮ್‌ಜಾನನ ಒಬ್ಬಳೇ ಮಗಳ ಮದುವೆ ತಾಯೀ, ಬಾ, ಕೂತು ಊಟ ಮಾಡ್ಕೊಂಡು ಹೋಗು.

ಮುಕದ್ದಸ್ ತಲೆವಸ್ತ್ರ ಬಿಗಿ ಮಾಡ್ಕೊಂಡು ಕಾರಿನ ಕಡೆ ತಿರುಗಿದ್ಲು.

ಹಾಶಿಮ್‌ಜಾನ್ ಕೂಗಬೇಕಿತ್ತು. ಬಾಯಿ ತೆಗೆದ. ಕೆಳಗೆ ಇಡೀ ಬೀದಿ ನಿಂತಿತ್ತು, ಬಾಯಿ ಮುಚ್ಚಿದ. ಯಾರನ್ನ ಮೊದಲು ಉಳಿಸ್ಕೋಬೇಕು, ಮಗಳನ್ನೋ ಮೀಸೇನೋ ಅಂತ ಲೆಕ್ಕ ಹಾಕ್ತಾ ನಿಂತ. ನಾಚಿಕೆಗೇಡು ಅಂದ್ರೆ, ಆ ಲೆಕ್ಕಕ್ಕೆ ಅವನು ಸುಮಾರು ಹೊತ್ತೇ ತಗೊಂಡ.

ಏಣಿ ಬುಡದಲ್ಲಿ ಝೆಬಿನಿಸೊ ನಿಂತಿದ್ಲು. ಅಳಲಿಲ್ಲ, ಕೂಗಲಿಲ್ಲ.

"ಅಪ್ಪಾ, ಅವರು ಹೊರಟ್ರು," ಅಂದ್ಲು. "ನಿಮ್ಮ ದೀಪ ಚೆನ್ನಾಗಿದೆ."

ಆ ಎರಡನೇ ಮಾತು ಅವನಿಗೆ ನಾಟಿತು. ಏಣಿ ಇಳಿಯೋದು ಮರೆತು ನೆಗೆದ. ನೆಗೆದಾಗ ಗೇಟಿನ ಸರ ಕಾಲಿಗೆ ಸುತ್ತಿಕೊಳ್ತು. ಸರದ ಹಿಂದೆ ಚಪ್ಪರದ ವೈರು, ವೈರಿನ ಹಿಂದೆ ಜಾಡಿಗಳು. ಅವನು ಓಡಿದ. ದೀಪಗಳೂ ಓಡಿದ್ವು. ಸೊಂಟಕ್ಕೆ ಬೆಳಕು, ಕೊರಳಿಗೆ ಬೆಳಕು, ಹಿಂದೆ ಉರಿಯೋ ಟೊಮ್ಯಾಟೊ ಜಾಡಿಗಳು ಕಲ್ಲಿನ ಮೇಲೆ ಠಣಠಣ. ಬಾಲಕ್ಕೆ ಡಬ್ಬ ಕಟ್ಟಿದ ನಾಯಿ ಹೀಗೆ ಓಡೋದು ನೋಡಿದ್ದೀನಿ, ಆದ್ರೆ ಅದಕ್ಕೆ ಕರೆಂಟ್ ಇರಲಿಲ್ಲ. ಆಕಾಶದಲ್ಲಿ ಹೋಗ್ತಿದ್ದ ವಿಮಾನ ಇದೇ ಇಳಿಯೋ ದಾರಿ ಅಂದ್ಕೊಂಡು ಬೀದಿ ಮೇಲೆ ಒಂದು ಸಲ ಬಗ್ಗಿ ನೋಡ್ತು. ಅವನು ಕೊಂಡಿದ್ದ ವೈರು ಎಷ್ಟು ಉದ್ದ ಅಂದ್ರೆ, ಬೀದಿ ಮುಗೀತು, ವೈರು ಮುಗೀಲಿಲ್ಲ.

ಕಾರಿನ ಬಾಗಿಲಿಗೆ ಅಡ್ಡ ನಿಂತ. ಮೈಯೆಲ್ಲಾ ಮಿನುಗ್ತಿದೆ.

ಮುಕದ್ದಸ್ ಅವನನ್ನ ಮೇಲಿಂದ ಕೆಳಗೆ ನೋಡಿದ್ಲು. "ನೀನು ಯಾರಪ್ಪಾ, ಮದುಮಗನಾ, ಮಂಟಪನಾ?"

"ಹುಡುಗಿ ಅಪ್ಪ," ಅಂದ ಅವನು ಏದುಸಿರು ಬಿಡ್ತಾ. "ಮದುವೆ ಇಲ್ಲ ಅಕ್ಕಾ. ಯಾರ ಮದುವೇನೂ ಇಲ್ಲ. ನೀವು ಬರ್ತೀರಿ ಅಂತ ಹಿತ್ತಲಿಗೆ ದೀಪ ಹಾಕಿದೆ. ಉಳಿದದ್ದನ್ನ ಗೇಟಿಗೆ ಹಾಕಿದೆ. ನನ್ನಷ್ಟು ದಡ್ಡ ಈ ಊರಲ್ಲಿ ಇಲ್ಲ. ನನ್ನ ಮುಖ ನೋಡಿ ನನ್ನ ಮಗಳನ್ನ ಬಿಟ್ಟು ಹೋಗಬೇಡಿ."

ಹಿಂದೆ ಓಡಿ ಬಂದಿದ್ದ ಬೀದಿ ಪೂರ್ತಿ ಇದನ್ನ ಕೇಳಿಸ್ಕೊಳ್ತು. ಯಾರೂ ನಗಲಿಲ್ಲ. ನಗಬೇಕು ಅಂದ್ರೆ ಕರೆಯದ ಮದುವೆಗೆ ಕೈಲಿ ಗಂಟು ಹಿಡಿದು ಯಾಕೆ ಬಂದೆ ಅನ್ನೋದನ್ನೂ ಹೇಳಬೇಕಲ್ಲ. ಹದಿನೈದು ದಿನದ ಹಿಂದೆ ಕರೆ ಬಂದಿತ್ತು ಅಂದವನು ಚಪ್ಪಲಿ ನೋಡ್ತಿದ್ದ. ಕೈ ಹಿಡಿದು ಕರೆದ ಅಂದವನು ಆ ಕೈಯನ್ನ ಬೆನ್ನ ಹಿಂದೆ ಇಟ್ಟುಕೊಂಡ.

ಹಾಶಿಮ್‌ಜಾನ್ ಎದೆ ಮೇಲೆ ಕೈ ಇಟ್ಟು ಸೊಂಟದವರೆಗೂ ಬಗ್ಗಿದ. ಬಗ್ಗಿದ್ದೇ ವೈರು ಕೊನೇ ಸಲ ಎಳೀತು. ಮನೆ ಗೋಡೆಯಲ್ಲಿದ್ದ ಪ್ಲಗ್ಗು ಕಿತ್ತು ಬಂದು, ಒಂದು ನೀಲಿ ಕಿಡಿ ಹಾರಿ, ಢಬ್ ಅಂತ ಸದ್ದಾಗಿ, ಬೀದಿ ಪೂರ್ತಿ ಕತ್ತಲೆ.

ಕತ್ತಲೇಲಿ ಮುಕದ್ದಸ್ ಧ್ವನಿ ಬಂತು. "ಕೈ ಹಿಡ್ಕೊಂಡು ನಡೆಸು. ಎಡವಿ ಬಿದ್ರೆ ಹುಡುಗಿ ಹಿಡಿಸಿದ್ರೂ ಸಂಬಂಧ ಬೇಡ."

ಹೊರಟೋಳು ಯಾಕೆ ವಾಪಸ್ ಬಂದ್ಲು ಅಂತ ಆಮೇಲೆ ಬೇಕಾದಷ್ಟು ಜನ ಬೇಕಾದಷ್ಟು ಹೇಳಿದ್ರು. ಹುಡುಗಿಗೋಸ್ಕರ ಅಪ್ಪ ಮಾನ ಬಿಟ್ಟ ಅಂತ ಮನಸ್ಸು ಕರಗ್ತು ಅಂದ್ರು. ನನ್ನ ಕೇಳಿದ್ರೆ ಪಲಾವಿನ ವಾಸನೆ. ರಿಶ್ತಾನಿಂದ ಹೊರಟಾಗ ಆಯಮ್ಮ ಏನೂ ತಿಂದಿರಲಿಲ್ಲ.

ಹಿತ್ತಲಲ್ಲಿ ತನ್ನ ಕೈ ತನಗೇ ಕಾಣಲ್ಲ. ಒಲೆಯ ಬೆಂಕಿ ಇದ್ದದ್ದು ಮೂಲೇಲಿ, ಸೋಬಿತ್‌ಖಾನನ ಬೆನ್ನ ಹಿಂದೆ ಮರೆಯಾಗಿತ್ತು. ಅವನು ತಡಕಾಡಿ ಚಪ್ಪರದಿಂದ ಬೋಗುಣಿ ಇಳಿಸಿ, ಬಲ್ಬು ಕಿತ್ತೆಸೆದು ಅಕ್ಕಿ ಬಸಿದ. ಇನೋಬತ್ ಕೂಜದ ಬಾಯಿಂದ ಹೋಲ್ಡರು ಕಿತ್ತು ಚಹಾ ಹಾಕಿದ್ಲು. ಒಂದು ದಿನದ ಮಟ್ಟಿಗೆ ದೀಪ ಆಗಿದ್ದ ಸಾಮಾನೆಲ್ಲಾ ಮರ್ಯಾದೆಯಾಗಿ ಅಡುಗೆಮನೆಗೆ ವಾಪಸ್ ಬಂತು.

ಮಂಚದ ಮೇಲೆ ದಿಂಬಿಗೆ ಒರಗಿ ಮುಕದ್ದಸ್ ಹೇಳಿದ್ಲು, "ಒಂದು ಮೋಂಬತ್ತಿ ಹಚ್ಚಿ. ಹುಡುಗೀನ ನೋಡೋಕೆ ಬಂದಿದ್ದು ನಾನು."

ಇನೋಬತ್ ಬೆಂಕಿಪೊಟ್ಟಣ ಹುಡುಕಿದ್ಲು. ಕಪಾಟು ಹುಡುಕಿದ್ಲು, ಗೂಡು ಹುಡುಕಿದ್ಲು, ಹಾಳಾದ್ದು ಎಲ್ಲಿ ಹೋಯ್ತೋ ಅಂತ ಬೈಕೊಂಡು ಹುಡುಕಿದ್ಲು. ಪೊಟ್ಟಣ ಅವಳ ಮುಷ್ಟಿಯೊಳಗೇ ಇತ್ತು. ಯಾರೋ ಫೋನಿನ ಟಾರ್ಚ್ ಹಾಕೋಕೆ ಹೋದ್ರು. ಸೋಬಿತ್‌ಖಾನ್ ಸೌಟಿನಲ್ಲಿ ಅವನ ಮೊಣಕೈಗೆ ಒಂದು ಕೊಟ್ಟು, ಪಲಾವು ದಮ್ಮಿಗೆ ಹಾಕಿದಾಗ ಬೆಳಕು ಬೀಳಬಾರದು ಅಂದ. ಅಂಥ ನಿಯಮ ಯಾವ ಅಡುಗೆಯಲ್ಲೂ ಇಲ್ಲ. ಕಾರಂಜಿ ಇಟ್ಟು ಮೆರೆಯೋ ಸೋಬಿತ್‌ಖಾನ್ ನನಗೆ ಇಷ್ಟ ಆಗಿದ್ದು ಆವತ್ತೊಂದೇ ದಿನ.

ಹಾಗಾಗಿ ಝೆಬಿನಿಸೊ ಕತ್ತಲೇಲೇ ಚಹಾ ತಂದ್ಲು. ಮುಕದ್ದಸ್ ಬಟ್ಟಲು ತಗೊಂಡು ಕುಡಿದ್ಲು. ಮೂಗು ಯಾವ ಕಡೆ ತಿರುಗಿದೆ, ಕಾಣಲಿಲ್ಲ. ಕಿವಿ ದಡ್ಡವೋ ಜಾಣವೋ, ಅದೂ ಕಾಣಲಿಲ್ಲ. ಅರ್ಧ ಕಣಿವೆಯ ಹುಡುಗೀರಲ್ಲಿ ತಪ್ಪು ಹುಡುಕಿದ್ದ ಕಣ್ಣು ರೆಪ್ಪೆ ಬಡ್ಕೊಂಡು ಬಡ್ಕೊಂಡು ಸುಸ್ತಾಯ್ತು.

"ಮಾತಾದ್ರೂ ಆಡಮ್ಮ," ಅಂದ್ಲು ಕೊನೆಗೆ. "ನಿಮ್ಮಪ್ಪನ ತಲೆ ಯಾವಾಗಲೂ ಹೀಗೇನಾ?"

"ಇಲ್ಲ ಅಮ್ಮಾ. ಇವತ್ತು ಸ್ವಲ್ಪ ವಾಸಿ," ಅಂದ್ಲು ಝೆಬಿನಿಸೊ.

ಇದ್ದಕ್ಕಿದ್ದ ಹಾಗೆ ಮಂಚ ಅಲ್ಲಾಡ್ತು. ಭೂಕಂಪ ಅಂದ್ಕೊಂಡ್ರು ಜನ. ಮುಕದ್ದಸ್ ನಗ್ತಿದ್ಲು. ರಿಶ್ತಾನಲ್ಲಿ ಆಯಮ್ಮ ನಕ್ಕಿದ್ದು ಕಂಡವರು ಯಾರೂ ಬದುಕಿಲ್ಲ ಅಂತಾರೆ. ನಕ್ಕು ಮುಗಿಸಿ, ಹೊಟ್ಟೆ ಹಿಡಕೊಂಡು, ರೊಟ್ಟಿ ಎಲ್ಲಿದೆ ಅಂದ್ಲು. ಯಾರದ್ದೋ ಗಂಟಿನಿಂದ ರೊಟ್ಟಿ ಬಂತು. ಎರಡು ಮನೆಯವರು ಕೂಡಿ ರೊಟ್ಟಿ ಮುರಿದ್ರೆ ಹೆಣ್ಣು ಕೊಟ್ಟು ತಂದ ಹಾಗೇನೇ, ಆಮೇಲೆ ಮಾತು ತಿರುಗಿಸೋ ಹಾಗಿಲ್ಲ. ಮುಕದ್ದಸ್ ಒಂದು ಕಡೆ ಹಿಡಿದ್ಲು, ಇನೋಬತ್ ಬೆಂಕಿಪೊಟ್ಟಣ ಮೆಲ್ಲಗೆ ದಿಂಬಿನ ಕೆಳಗೆ ಜಾರಿಸಿ ಇನ್ನೊಂದು ಕಡೆ ಹಿಡಿದ್ಲು. ಟಪ್ ಅಂತ ರೊಟ್ಟಿ ಮುರಿದ ಸದ್ದು ಮೂಲೆಮನೆವರೆಗೂ ಕೇಳಿಸ್ತು.

ಅದಾದ ಮೇಲೆಯೇ ಇನೋಬತ್‌ಗೆ ಬೆಂಕಿಪೊಟ್ಟಣ ಸಿಕ್ಕಿದ್ದು. ಮೋಂಬತ್ತಿ ಹಚ್ಚಿದಾಗ ಮುಕದ್ದಸ್ ಹುಡುಗೀನ ದಿಟ್ಟಿಸಿ ನೋಡಿದ್ಲು. ಗಲ್ಲದ ಮೇಲೆ ಏನೋ ಕಂಡಿರಬೇಕು, ಬಾಯಿ ತೆಗೆದ್ಲು. ಬಾಯೊಳಗೆ ರೊಟ್ಟಿ ಇತ್ತು. ನುಂಗಿ ಸುಮ್ಮನಾದ್ಲು.

ಬೀದಿಯವರು ಗಂಟು ಬಿಚ್ಚಿಟ್ಟು, ನಾವು ಇದಕ್ಕೇ ಅಂತ ಬಂದಿದ್ದು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಪಲಾವು ತಿಂದ್ರು. ಹದಿನೈದು ದಿನದ ಕರೆಯವನು ಎರಡು ಸಲ ಬಡಿಸ್ಕೊಂಡ.

ಚಳಿ ಶುರುವಾಗೋ ಮುಂಚೆ ಮದುವೆ ಆಯ್ತು. ಈಗ ಹಾಶಿಮ್‌ಜಾನ್ ಬೋಳಿಸ್ತಾ ಬೋಳಿಸ್ತಾ ಗಿರಾಕಿಗಳಿಗೆ ಏನು ಹೇಳ್ತಾನೆ ಗೊತ್ತಾ? ಸಂಬಂಧ ಕೂಡಿಸಿದ್ದು ತನ್ನ ದೀಪ ಅಂತೆ. ಒಂದು ಬಲ್ಬು ಕೂಡ ಉರಿಯದೆ ಇದ್ದಾಗ ಕೂಡಿದ ಸಂಬಂಧಕ್ಕೆ ಹೀಗೆ ಹೇಳೋಕೆ ಎಷ್ಟು ದಪ್ಪ ಚರ್ಮ ಬೇಕು, ನೀವೇ ಹೇಳಿ. ನಮ್ಮ ಬೀದಿ ಜನ ಮಾತ್ರ ಪಾಠ ಕಲ್ತಿದ್ದಾರೆ. ಈಗ ಯಾರಾದ್ರೂ ಬೀಗ ತೆಗೆಯೋಕೆ ಕಾಣಲಿ ಅಂತ ಬಾಗಿಲಿಗೊಂದು ಬಲ್ಬು ಹಾಕಿದ್ರೂ ಸಾಕು, ಅರ್ಧ ಗಂಟೇಲಿ ಹತ್ತು ಜನ ಗಂಟು ಹಿಡ್ಕೊಂಡು ಬಂದು ಕೂತಿರ್ತಾರೆ, ಯಾಕೆ ಅಂತ ಯಾರೂ ಕೇಳಲ್ಲ.

ಮುಗೀತು. ಈಗ ನೀವು ಬೆನ್ನ ಹಿಂದೆ ಮುಚ್ಚಿಟ್ಟಿದ್ದೀರಲ್ಲ, ಆ ಕರಬೂಜ, ಅದನ್ನ ಮುಂದೆ ತನ್ನಿ. ನನ್ನ ಮಾತು ನಂಬಿದೋರು ನಡುವಿನ ಸಿಹಿ ಹೋಳು ನನಗೆ ಕೊಡಿ. ನಂಬದೋರು ಇಡೀ ಹಣ್ಣೇ ಕೊಡಿ.